ಬೋಲ್ಟಿಗೆ ಕುಸುಬಿ ಎಣ್ಣೆ

ಖಂಡೆನವಮಿಯ, ಅಂದರೆ ಆಯುಧಪೂಜೆಯ, ದಿನ ಮನೆಯೊಳಗಿನ ಯಾವ ಕಬ್ಬಿಣವೂ ಎಣ್ಣೆ ಕಾಣದೆ ಉಳಿಯಬಾರದು ಎಂಬುದು ರಾಮಲಿಂಗಪ್ಪನ ಮನೆತನದ ಕಟ್ಟಳೆ. ಗದಗ ಕಡೆಯಿಂದ ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾದರೂ, ನಿಗಡಿಯಲ್ಲಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದರೂ ಆತ ಈ ಕಟ್ಟಳೆ ಬಿಟ್ಟಿರಲಿಲ್ಲ. ಈಳಿಗೆ, ಸುತ್ತಿಗೆ, ಅಂಗಡಿಯ ತಕ್ಕಡಿ, ಕೊನೆಗೆ ಹೆಂಡತಿ ಕಲ್ಲವ್ವನ ಉಗುರು ಕತ್ತರಿಸುವ ಕಟರ್ ಕೂಡ ಆ ದಿನ ಎಣ್ಣೆ ಹಚ್ಚಿಸಿಕೊಂಡು, ಕುಂಕುಮ ಇಡಿಸಿಕೊಂಡು ಮಣೆಯ ಮೇಲೆ ಸಾಲಾಗಿ ಕೂರಬೇಕು.

ಎಣ್ಣೆಯೆಂದರೆ ಎಂಥ ಎಣ್ಣೆ? ಕುಸುಬಿ ಎಣ್ಣೆ. ಆತನದು ಗಾಣದ ಎಣ್ಣೆಯ ಅಂಗಡಿ. ಮೊಣಕಾಲು ನೋವಿಗೆ ಕುಸುಬಿ, ತಲೆಹೊಟ್ಟಿಗೆ ಕುಸುಬಿ, ಕಿರುಗುಡುವ ಬಾಗಿಲಿಗೆ ಕುಸುಬಿ, ಕೂಸು ಅತ್ತರೆ ಹೊಕ್ಕುಳಿಗೆ ಕುಸುಬಿ. ಕುಸುಬಿ ಎಣ್ಣೆಯಿಂದ ಆಗದ ಕೆಲಸ ಲೋಕದಲ್ಲಿ ಇದ್ದರೆ ಅದು ಮಾಡಲು ತಕ್ಕ ಕೆಲಸವೇ ಅಲ್ಲ ಎಂದು ಆತ ಗಿರಾಕಿಗಳಿಗೆ ಸಾರುತ್ತಿದ್ದ. ಗಿರಾಕಿಗಳು ತಲೆಯಾಡಿಸುತ್ತಿದ್ದರು. ತಲೆಯಾಡಿಸದವರಿಗೆ ಆತ ಚಿಲ್ಲರೆ ಕೊಡುತ್ತಿರಲಿಲ್ಲ.

ಈ ಸಲ ಮಣೆಯ ಮೇಲೆ ಹೊಸ ಕಬ್ಬಿಣವೊಂದು ಬಂದು ಮಲಗಿತ್ತು. ಮಗಳು ದೀಪಾಲಿಯ ಪಾಯಿಂಟ್ ಟೂಟೂ ರೈಫಲ್ಲು. ಐವತ್ತು ಮೀಟರ್ ದೂರದ ಗುರಿ ಹೊಡೆಯುವ ಪಂದ್ಯದಲ್ಲಿ ಹೆಸರು ಮಾಡಿ, ಎರಡು ವರ್ಷ ಕಚೇರಿಯಿಂದ ಕಚೇರಿಗೆ ಕಾಗದ ಹೊತ್ತು, ಲೈಸನ್ಸು ಪಡೆದು ಆಕೆ ತಂದುಕೊಂಡ ರೈಫಲ್ಲು. ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿ, ಬೋಲ್ಟನ್ನು ಹೊರಗೆಳೆದು ಆಕೆ ಪಕ್ಕಕ್ಕಿಟ್ಟಿದ್ದಳು. ಬೋಲ್ಟೆಂದರೆ ರೈಫಲ್ಲಿನ ಹಿಂಭಾಗದಲ್ಲಿ ಹಿಂದೆ ಮುಂದೆ ಸರಿಯುವ ಉಕ್ಕಿನ ಕೊಳವೆ. ಅದರ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಒಂದು ಪಿನ್ನು. ಆ ಪಿನ್ನು ಹೋಗಿ ಕಾಡತೂಸಿನ ಅಂಚಿಗೆ ಬಡಿದರೇ ಗುಂಡು ಹಾರುವುದು. ಇದನ್ನು ಓದುಗರು ನೆನಪಿಡಬೇಕು. ರಾಮಲಿಂಗಪ್ಪ ನೆನಪಿಡಲಿಲ್ಲ.

"ಅಪ್ಪಾ, ಕುಂಕುಮ ಬರೇ ಪೆಟ್ಟಿಗಿಗೆ ಹಚ್ಚು. ರೈಫಲ್ ಮುಟ್ಟಬ್ಯಾಡ. ನಾ ಜಳಕಾ ಮಾಡಿ ಬಂದು ಒಳಗ ಇಡ್ತೀನಿ," ಎಂದಳು ದೀಪಾಲಿ.

"ನಾ ಯಾಕ ಮುಟ್ಟಲೆವ್ವಾ? ನನಗೇನ್ ತಿಳೀತದ ಅದರಾಗ?"

ಆತ ಆಡಿದ ಮಾತುಗಳಲ್ಲಿ ಆ ದಿನ ನಿಜವಾದದ್ದು ಇದೊಂದೇ.

ಬಚ್ಚಲಿನ ಬಾಗಿಲು ಮುಚ್ಚಿತೋ ಇಲ್ಲವೋ, ಎದುರು ಮನೆಯ ಸ್ವಪ್ನಿಲ್ ಕಾಲಿಟ್ಟ. ಕಂಡದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಊರಿಗೆ ಹಂಚುವ ತರುಣ. ಹಬ್ಬಕ್ಕೆ ಶುಭಾಶಯ ಹೇಳಲು ಬಂದವನ ಕಣ್ಣು ಮಣೆಯ ಮೇಲೆ ನೆಟ್ಟಿತು. "ಬಾಪ್‌ರೇ! ಕಾಕಾ, ಇದನ್ನ ಸ್ವಚ್ಛ ಮಾಡೋರು ಯಾರು?" ಎಂದು ಮರಾಠಿಯಲ್ಲಿ ಕೇಳಿದ.

"ಮತ್ಯಾರು? ನಾನೇ," ಎಂದ ರಾಮಲಿಂಗಪ್ಪ, ತಾನೂ ಮರಾಠಿಯಲ್ಲಿ. "ನಮ್ಮಜ್ಜ ದೇಸಾಯರ ಬಂದೂಕಿನವ. ಇದು ನಮ್ಮ ರಕ್ತದೊಳಗೇ ಇದೆ."

ಅಜ್ಜ ದೇಸಾಯರ ಬೇಟೆಯಲ್ಲಿ ಬಂದೂಕಿನವನ ಮುಂದೆ ಕಂದೀಲು ಹಿಡಿದು ನಡೆಯುತ್ತಿದ್ದವ. ಬಂದೂಕು ಹಾರಿದರೆ ಮೊದಲು ಓಡುತ್ತಿದ್ದವನೂ ಅವನೇ. ಆದರೆ ಅದನ್ನು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಸ್ವಪ್ನಿಲ್ ಮೊಬೈಲು ಎತ್ತಿ ಹಿಡಿದು, "ಕಾಕಾ, ಮಾಡಿ ತೋರಿಸ್ರಿ," ಎಂದ.

ಈಗ ಹಿಂದೆ ಸರಿಯುವುದುಂಟೆ? ರಾಮಲಿಂಗಪ್ಪ ತೋಳು ಮಡಚಿದ. ಗುಂಡು ಕೂರುವ ಚೇಂಬರಿನ ಸಣ್ಣ ತೂತಿನಲ್ಲಿ ಇಣುಕಿದ. ಒಳಗೆ ಮಸಿ ಕಂಡಿತು. ಊದುಬತ್ತಿಯ ಕಡ್ಡಿಗೆ ಧೋತರದ ಚಿಂದಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಎಮ್ಮೆಯ ಕಿವಿ ತೊಳೆಯುವವನ ಹಾಗೆ ತಿರುವಿದ. ಮಗಳು ಬಳಸುವ ಹಳದಿ ಡಬ್ಬಿಯ ಎಣ್ಣೆ ಪಕ್ಕದಲ್ಲೇ ಇತ್ತು. ಅದನ್ನು ಮೂಸಿ, "ಹುಂ! ಚಿಮಣಿ ಎಣ್ಣೆಯ ವಾಸನೆ," ಎಂದು ಮುಖ ಕಿವುಚಿ ದೂರ ತಳ್ಳಿದ. ಆಮೇಲೆ ಬೋಲ್ಟನ್ನು ಎತ್ತಿ, ಉದ್ದ ಮೂತಿಯ ಎಣ್ಣೆ ಕುಪ್ಪಿಯನ್ನು ಅದರ ಬಾಯಿಗೆ ಇಟ್ಟ. ಬೋಲ್ಟು ಗುಟುಕು ಗುಟುಕಾಗಿ ಕುಡಿಯಿತು. ಎರಡು ಹನಿ ಮಣೆಯ ಮೇಲೂ ಬಿದ್ದವು. ಮೇಲುಮೈ ಒರೆಸಿ, ಇದ್ದಲ್ಲೇ ಇಟ್ಟು, ಸ್ವಪ್ನಿಲನಿಗೆ ಹುರಿಗಡಲೆ ಬೆಲ್ಲ ಕೊಟ್ಟು ಕಳಿಸಿದ.

ದೀಪಾಲಿ ಬಂದು ನೋಡಿ, "ಮುಟ್ಟೀಯೇನಪಾ?" ಎಂದಳು.

"ಏ, ಇಲ್ಲವಾ."

ಆಕೆಗೆ ಮರುದಿನದಿಂದ ಕಾಲೇಜಿನ ಪರೀಕ್ಷೆ. ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು, ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಹಾಕಿಕೊಂಡು, ಮೊಬೈಲನ್ನೂ ಮುಚ್ಚಿಟ್ಟು ಓದಲು ಕೂತಳು. ಹನ್ನೆರಡು ದಿನ ಆ ಬೀಗ ತೆರೆಯಲಿಲ್ಲ. ಅಕ್ಟೋಬರಿನ ಪಡುವಣ ಬಿಸಿಲು ದಿನಾ ಮಧ್ಯಾಹ್ನ ಆ ಕಪಾಟಿನ ಮೇಲೆಯೇ ಬೀಳುತ್ತಿತ್ತು.

ರಾಜ್ಯಮಟ್ಟದ ಪಂದ್ಯ ಇದ್ದದ್ದು ಒಂದು ಭಾನುವಾರ. ಅದರ ಹಿಂದಿನ ಬುಧವಾರ ದೀಪಾಲಿ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಮಲಗಿದಳು. ಅಂಗಡಿ ಹೆಂಡತಿಗೆ ಒಪ್ಪಿಸಿ ಅಪ್ಪನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಕ್ಲಬ್ಬಿಗೆ ಪಂದ್ಯಕ್ಕೆಂದೇ ಹೊಸ ಕಾಡತೂಸು ಬಂದಿತ್ತು. ಮೊದಲ ಡಬ್ಬಿ ಒಡೆದವಳು ದೀಪಾಲಿ.

ಆಕೆ ಉಸಿರು ಹಿಡಿದು ಟ್ರಿಗರ್ ಎಳೆದಳು. "ಕಟ್." ಅಷ್ಟೆ. ಗುಂಡು ಹಾರಲಿಲ್ಲ. ನಿಯಮದಂತೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕೈ ಎತ್ತಿದಳು. ಕಾದು, ತೆಗೆದು, ಇನ್ನೊಂದು ಹಾಕಿದಳು. ಕಟ್. ಮತ್ತೊಂದು. ಕಟ್. ಹತ್ತರಲ್ಲಿ ಏಳು ಸಲ ಆಕೆಯ ಕೈ ಮೇಲೆದ್ದಿತು.

ತರಬೇತಿ ಕೊಡುವ ಸುಹಾಸ ಸರ್ ನಾಸಿಕಕ್ಕೆ ಹೋಗಿದ್ದರು, ಶನಿವಾರ ಬರುವವರು. ಇದ್ದವರು ಸೆಕ್ರೆಟರಿ ಮನೋಜ ಸಾಹೇಬರು. ಕ್ಲಬ್ಬಿನ ಕುರ್ಚಿ ಎಷ್ಟು, ಫ್ಯಾನು ಎಷ್ಟು ಎಂಬುದು ಅವರಿಗೆ ಬಾಯಿಪಾಠ. ರೈಫಲ್ಲಿನ ಯಾವ ತುದಿಯಿಂದ ಗುಂಡು ಹೊರಬೀಳುತ್ತದೆ ಎಂಬುದನ್ನು ಮಾತ್ರ ಪ್ರತಿಸಲ ನೋಡಿಯೇ ಹೇಳಬೇಕು. ಅವರು ಹಾರದ ಕಾಡತೂಸೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಗಂಭೀರವಾದರು.

ಆಗ ಬೆಂಚಿನಿಂದ ರಾಮಲಿಂಗಪ್ಪ ಎದ್ದ. ಯಾರೂ ಕೇಳಿರಲಿಲ್ಲ. ಆದರೂ ಎದ್ದ. "ಥಂಡಿ ಹಿಡದಾವ್ರೀ ಇವು! ನಾ ಎಣ್ಣಿಕಾಳಿನ ವ್ಯಾಪಾರದವ, ನನಗ ಗೊತ್ತಾಗತದ. ಗೋದಾಮಿನ್ಯಾಗ ನೀರು ಬಿದ್ದದ! ಸ್ಟೋರ್ ನೋಡಿಕೊಳ್ಳಾವ ಯಾರು? ಕರೀರಿ ಅವನ್ನ!" ಸಿಟ್ಟಿನಲ್ಲಿ ಕನ್ನಡದಲ್ಲೇ ಒದರಿ, ಅದನ್ನೇ ಮರಾಠಿಯಲ್ಲಿ ಇನ್ನಷ್ಟು ಜೋರಾಗಿ ಒದರಿದ.

ಸ್ಟೋರು ನೋಡಿಕೊಳ್ಳುವವನು ಹಣಮಂತ್ರಾಯ. ಅಫಜಲಪುರದ ಕಡೆಯವನು, ಮೊಣಕಾಲು ನೋವಿನ ಮುದುಕ, ಯಾರಿಗೂ ಎದುರು ಮಾತಾಡಿದವನಲ್ಲ. ಕುಂಟುತ್ತ ಬಂದು, "ಒಣಗಿದ ಜಾಗಾದಾಗ ಇಟ್ಟೀನ್ರೀ ಯಪ್ಪಾ," ಎಂದ.

"ಒಣಗಿದ ಜಾಗಾ! ಮತ್ತ ಕಾಡತೂಸು ಯಾಕ ಒಣಗಿಲ್ಲ?" ಎಂದ ರಾಮಲಿಂಗಪ್ಪ. ಈ ಪ್ರಶ್ನೆಗೆ ಅರ್ಥವಿಲ್ಲ. ಅರ್ಥವಿಲ್ಲದ್ದರಿಂದ ಯಾರಿಗೂ ಉತ್ತರ ಹೊಳೆಯಲಿಲ್ಲ.

ಮನೋಜ ಸಾಹೇಬರು ಹೊಸ ಕಾಡತೂಸನ್ನೆಲ್ಲ ಮೊಹರು ಹಾಕಿಸಿದರು. ಯಾರೂ ಮುಟ್ಟಕೂಡದು. ಶನಿವಾರ ವಿಚಾರಣೆ; ತಪ್ಪು ಖಾತ್ರಿಯಾದರೆ ಹಣಮಂತ್ರಾಯ ಮನೆಗೆ. ಕಾಡತೂಸು ಬಿಡುಗಡೆಯಾಗದಿದ್ದರೆ ಭಾನುವಾರ ಕ್ಲಬ್ಬಿನ ಐದೂ ಮಕ್ಕಳು ಪಂದ್ಯಕ್ಕಿಲ್ಲ.

ರಾಮಲಿಂಗಪ್ಪ ದಾರಿಯುದ್ದಕ್ಕೂ ಹಣಮಂತ್ರಾಯನನ್ನು ಬೈದ.

ಮನೆಗೆ ಬಂದರೆ ಕಲ್ಲವ್ವ ಬಚ್ಚಲಲ್ಲಿ ಕೂತು ಪೂಜೆಯ ಮಣೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ದೀಪಾವಳಿ ಹತ್ತಿರ ಬಂದಿತ್ತು. "ಏನ್ ಬಿದ್ದದ್ರೀ ಇದರ ಮ್ಯಾಲೆ? ಎಷ್ಟು ತಿಕ್ಕಿದ್ರೂ ಹೋಗವಲ್ದು. ಬೇಲದ ಅಂಟು ಅಂಟಿದಂಗ ಅಂಟೇದ. ನೋಡ್ರಿಲ್ಲೆ, ಇರಿವಿ ಸೈತ ಸಿಕ್ಕೊಂಡು ಸತ್ತದ."

ರಾಮಲಿಂಗಪ್ಪ ಬಗ್ಗಿ ನೋಡಿದ. ರೈಫಲ್ಲು ಮಲಗಿದ್ದ ಜಾಗದಲ್ಲಿ ಎರಡು ಹನಿ. ಬೆಲ್ಲದ ಪಾಕದ ಬಣ್ಣ. ಬೆರಳಿಟ್ಟ, ಬೆರಳು ಹಿಡಿದುಕೊಂಡಿತು.

ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ ಎಂಬುದು ಆತನಿಗೆ ಗೊತ್ತಿಲ್ಲದ್ದೇ? ಆತನ ಅಪ್ಪ ಅದೇ ಎಣ್ಣೆ ಕಾಯಿಸಿ ಬಾವಿಯಿಂದ ನೀರೆತ್ತುವ ತೊಗಲ ಬಾನಿಗೆ ಬಳಿಯುತ್ತಿದ್ದ. ಒಣಗಿದರೆ ನೀರು ಸೋರುತ್ತಿರಲಿಲ್ಲ. ಆತನ ಅಂಗಡಿಯ ಡಬ್ಬಿಗಳ ಕಂಠದಲ್ಲಿ ದಿನಾ ಕೆರೆದು ತೆಗೆಯುವುದೂ ಇದೇ ಅಂಟು. ಜ್ಞಾನವೆಲ್ಲ ತಲೆಯಲ್ಲೇ ಇತ್ತು. ಬೇಕಾದ ದಿನ ಹೊರಗೆ ಬರಲಿಲ್ಲ, ಅಷ್ಟೆ. ಎರಡು ಹನಿ ಇರುವೆಯನ್ನು ಕೊಂದಿದ್ದರೆ, ಬೋಲ್ಟು ಕುಡಿದದ್ದು ಎಷ್ಟು ಹನಿ? ಆ ಪಾಕದೊಳಗೆ ಪಿನ್ನು ಹೇಗೆ ಓಡೀತು?

"ಯಾಕ್ರೀ, ಬೆವತೀರಿ?" ಎಂದಳು ಕಲ್ಲವ್ವ.

"ಅಕ್ಟೋಬರ್ ಬಿಸಿಲು."

"ಸಂಜಿ ಏಳಾಗ್ಯದ."

"ಸಂಜಿಗೇ ಹೆಚ್ಚಿರತದ ಇಲ್ಲೆ."

ಕಲ್ಲವ್ವ ಮಣೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಮೂವತ್ತು ವರ್ಷದ ಸಂಸಾರ. "ನೀವ ಮಾಡೀರಿ ಏನೋ ಒಂದು," ಎಂದು ಮತ್ತೆ ತಿಕ್ಕತೊಡಗಿದಳು.

ಮರುದಿನ ರಾಮಲಿಂಗಪ್ಪ ಅಂಗಡಿಯಲ್ಲಿ ಶೇಂಗಾ ಎಣ್ಣೆ ಕೇಳಿದವರಿಗೆ ಎಳ್ಳೆಣ್ಣೆ ಕೊಟ್ಟ, ಎಳ್ಳೆಣ್ಣೆ ಕೇಳಿದವರಿಗೆ ನಮಸ್ಕಾರ ಮಾಡಿದ. ಮಗಳಿಗೆ ಹೇಳಬೇಕೆಂದು ಮೂರು ಸಲ ಫೋನು ಹಿಡಿದು, ಮೂರು ಸಲವೂ "ಊಟಾ ಮಾಡಿದೇನವಾ?" ಎಂದು ಕೇಳಿ ಇಟ್ಟ. ಮೂರನೆಯ ಸಲ ಆಕೆ, "ಅಪ್ಪಾ, ಈಗ ನಾಕೂವರಿ. ಯಾವ ಊಟ?" ಎಂದಳು. ಕಪಾಟಿನ ಕೀಲಿ ಆಕೆಯ ಕೊರಳಲ್ಲಿ. ಕದ್ದು ತೊಳೆಯುವ ದಾರಿಯೂ ಇಲ್ಲ.

ಸಂಜೆ ಹೋಗಿ ಸ್ವಪ್ನಿಲನ ಬಾಗಿಲು ಬಡಿದ. "ಆ ವಿಡಿಯೋ ಅಳಿಸಿಬಿಡಪ್ಪಾ."

"ಕಾಕಾ, ಎಂಥ ಸಾದಾ ಮನುಷ್ಯರು ನೀವು!" ಸ್ವಪ್ನಿಲನ ಕಣ್ಣು ತೇವವಾಯಿತು. "ಇಷ್ಟು ಕಲೆ ಇದ್ದೂ ಪ್ರಚಾರ ಬೇಡ ಅಂತೀರಿ. ಆದರೆ ನಾನು ಅವತ್ತೇ ಸೊಸಾಯಿಟಿ ಗ್ರೂಪಿಗೆ ಹಾಕಿದೆ. 'ನಮ್ಮ ಕಾಕಾ, ಬಂದೂಕಿನ ಮನೆತನ' ಅಂತ. ಎಲ್ಲಾ ಕಡೆ ಹೋಗಿದೆ!"

ಎಲ್ಲಾ ಕಡೆ ಎಂದರೆ ಎಲ್ಲಿಯವರೆಗೆ ಎಂಬುದು ಶುಕ್ರವಾರ ಬೆಳಗ್ಗೆ ತಿಳಿಯಿತು. ಮನೋಜ ಸಾಹೇಬರ ಫೋನು. "ರಾಮಲಿಂಗಪ್ಪಾಜೀ, ನಿಮ್ಮ ವಿಡಿಯೋ ನನ್ನ ಮೈದುನ ಕಳಿಸಿದ. ನಮ್ಮ ನಡುವೆ ಇಂಥ ತಜ್ಞರಿದ್ದಾರೆ ಎಂದೇ ಗೊತ್ತಿರಲಿಲ್ಲ! ನಾಳೆಯ ವಿಚಾರಣಾ ಸಮಿತಿಗೆ ನೀವೇ ಅಧ್ಯಕ್ಷರು. ಆ ಹಣಮಂತ್ರಾಯನನ್ನು ನೀವೇ ಹಿಡಿದುಕೊಟ್ಟವರಲ್ಲವೇ?"

"ನನಗ ನಾಳೆ... ಹೊಟ್ಟಿ..."

"ಚಹಾ, ವಡಾಪಾವ್ ಎಲ್ಲ ವ್ಯವಸ್ಥೆ ಇದೆ," ಎಂದು ಸಾಹೇಬರು ಫೋನಿಟ್ಟರು.

ಶನಿವಾರ ಕ್ಲಬ್ಬಿನ ಕೋಣೆಯಲ್ಲಿ ಉದ್ದ ಮೇಜು. ಮೂರು ಕುರ್ಚಿ. ನಡುವಿನ ಕುರ್ಚಿಗೆ ಟವೆಲು ಹೊದಿಸಿತ್ತು; ಅದು ಅಧ್ಯಕ್ಷರದು. ಟವೆಲಿನ ಮೇಲೆ ರಾಮಲಿಂಗಪ್ಪ ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಎದುರಿಗೆ ಹಣಮಂತ್ರಾಯ ಕೈಮುಗಿದು ನಿಂತಿದ್ದ. ಗೋಡೆಯ ಹತ್ತಿರ ರೈಫಲ್ ಪೆಟ್ಟಿಗೆ ಹಿಡಿದ ದೀಪಾಲಿ, ಉಳಿದ ನಾಲ್ಕು ಮಕ್ಕಳು, ಅವರ ತಾಯಿತಂದೆ. ಹಿಂದೆ ಮೊಬೈಲು ಹಿಡಿದ ಸ್ವಪ್ನಿಲ್, ಕರೆಯದಿದ್ದರೂ ಬಂದಿದ್ದ.

"ಅವರು ಕೂತುಕೊಳ್ಳಲಿ," ಎಂದ ರಾಮಲಿಂಗಪ್ಪ ಹಣಮಂತ್ರಾಯನತ್ತ ನೋಡದೆ. "ಕಾಲು ನೋವಿರಬಹುದು."

"ನೋಡಿ, ಎಂಥ ನ್ಯಾಯವಂತರು!" ಎಂದರು ಮನೋಜ ಸಾಹೇಬರು. "ಈಗ ಅಧ್ಯಕ್ಷರು ಹೇಳಲಿ. ಥಂಡಿಯಿಂದ ಕಾಡತೂಸು ಹೇಗೆ ಕೆಡುತ್ತದೆ?"

ರಾಮಲಿಂಗಪ್ಪ ನೀರು ಕುಡಿದ. ಇನ್ನೊಂದು ಲೋಟ ಕುಡಿದ. "ಥಂಡಿ... ಅಂದರೆ... ಥಂಡಿ ಬಂದರೆ ಮನುಷ್ಯನೂ ಕೆಡತಾನ್ರಿ," ಎಂದ. ಸಭೆ ಈ ಮಾತಿನ ಆಳವನ್ನು ಕುರಿತು ಯೋಚಿಸುತ್ತಿರುವಾಗ ಬಾಗಿಲು ತೆರೆದು ಸುಹಾಸ ಸರ್ ಒಳಗೆ ಬಂದರು. ಬಸ್ಸಿನಿಂದ ನೇರ ಬಂದವರು, ಹೆಗಲಲ್ಲಿ ಚೀಲ. ಇಪ್ಪತ್ತು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿದ ಮನುಷ್ಯ. ಮಾತು ಕಡಿಮೆ.

ಅವರು ಹಾರದ ಕಾಡತೂಸೊಂದನ್ನು ಬೆಳಕಿಗೆ ಹಿಡಿದು ಅಂಚು ನೋಡಿದರು. "ಪೆಟ್ಟೇ ಬಿದ್ದಿಲ್ಲ. ಬೆರಳಿನಿಂದ ತಟ್ಟಿದ ಹಾಗಿದೆ. ಕಾಡತೂಸಿನ ತಪ್ಪಲ್ಲ. ದೀಪಾಲಿ, ಬೋಲ್ಟು ಕೊಡು."

ರಾಮಲಿಂಗಪ್ಪ ಕುರ್ಚಿಯ ಟವೆಲನ್ನು ಸರಿಪಡಿಸಿಕೊಂಡ.

ಸುಹಾಸ ಸರ್ ಬೋಲ್ಟು ಬಿಚ್ಚಿದರು. ಸ್ಪ್ರಿಂಗನ್ನು ಎಳೆದರೆ ಅದು ಜೇನಿನಿಂದ ಎದ್ದ ಹಾಗೆ ನೂಲು ಬಿಡುತ್ತ ಬಂತು. ಚೇಂಬರಿಗೆ ಬಿಳಿ ಬಟ್ಟೆ ಹಾಕಿ ತಿರುವಿದರು. ಕಂದು ಬಣ್ಣದ ಅಂಟು. "ಯಾರೋ ಅಡಿಗೆ ಎಣ್ಣೆ ಸುರಿದಿದ್ದಾರೆ."

"ಹಾಗಾದರೂ ಸ್ಟೋರಿನವನದೇ ತಪ್ಪು!" ಮನೋಜ ಸಾಹೇಬರು ಮೇಜು ಗುದ್ದಿದರು. "ರೈಫಲ್ಲಿನ ಎಣ್ಣೆ ಮಕ್ಕಳಿಗೆ ಕೊಡುವವನು ಇವನು. ಹಳದಿ ಡಬ್ಬಿಯಲ್ಲಿ ಬೇರೆ ಎಣ್ಣೆ ತುಂಬಿ ಕೊಟ್ಟಿದ್ದಾನೆ. ಕಳ್ಳ!" ವಿಡಿಯೋ ನೋಡಿದ್ದ ಸಾಹೇಬರಿಗಾಗಲಿ, ಅದನ್ನು ತೆಗೆದಿದ್ದ ಸ್ವಪ್ನಿಲನಿಗಾಗಲಿ ಅದರಲ್ಲಿ ಎಣ್ಣೆಯ ಕುಪ್ಪಿ ಯಾರ ಕೈಯಲ್ಲಿತ್ತು ಎಂಬುದು ಹೊಳೆಯಲಿಲ್ಲ.

"ಇಲ್ರೀ ಸಾಹೇಬರ. ದೇವರಾಣಿ," ಎಂದ ಹಣಮಂತ್ರಾಯ. ಎದ್ದು ನಿಂತು ಕೈಮುಗಿದ.

ಇಲ್ಲಿ ರಾಮಲಿಂಗಪ್ಪನ ಕರುಳು ಚುರ್ರೆಂದಿತು, ಆತ ಎದ್ದು ನಿಜ ಹೇಳಿದ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸುಳ್ಳು. ಕರುಳು ಚುರ್ರೆಂದದ್ದು ಹೌದು, ಎದ್ದದ್ದು ಇಲ್ಲ. ಆತ ಮೂರನೆಯ ಲೋಟ ನೀರು ಕುಡಿದ.

ಸಾಹೇಬರು ಬೋಲ್ಟನ್ನು ಮೂಗಿನ ಹತ್ತಿರ ಹಿಡಿದರು. "ಥೂ! ಅಗ್ಗದ ಪಾಮ್ ಎಣ್ಣೆ. ಕಲಬೆರಕೆ ಮಾಲು. ಫುಟ್‌ಪಾತಿನ ಭಜಿಯವರು ಕೂಡ ಇದನ್ನು ಮುಟ್ಟುವುದಿಲ್ಲ."

ಟವೆಲಿನ ಕುರ್ಚಿ ಹಿಂದಕ್ಕೆ ಬಿದ್ದಿತು.

"ಏನಂದ್ರಿ?" ರಾಮಲಿಂಗಪ್ಪ ನಿಂತಿದ್ದ. "ಪಾಮ್? ಯಾವ ಬಾಯಿಲೆ ಅಂದ್ರಿ? ಕಲಬೆರಕಿ? ಕೊಡ್ರಿ ಇಲ್ಲೆ!" ಬೋಲ್ಟನ್ನು ಕಸಿದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಅದರ ಮೂತಿಯನ್ನು ನೆಕ್ಕಿದ. "ಗದಗಿನ ಕುಸುಬಿ! ಎಪ್ಪಾ, ಗಣಪತಿ ಹಬ್ಬ ಆದ ಮ್ಯಾಲೆ ತಗದ ಗಾಣ! ಒಂದು ಹನಿ ಬೆರಕಿ ಇದ್ರ ಈ ಮೀಸಿ ಬೋಳಸ್ತೀನಿ! ಇಪ್ಪತ್ತೆಂಟು ವರ್ಷದಾಗ ನನ್ನ ಎಣ್ಣಿಗೆ ಯಾರೂ ಹಿಂಗ ಅಂದಿಲ್ಲ!"

"ಉಗಿಯಿರಿ! ಉಗಿಯಿರಿ ಮೊದಲು!" ಸುಹಾಸ ಸರ್ ಕೂಗಿದರು. "ಅದರಲ್ಲಿ ಸೀಸದ ಮಸಿ ಇರುತ್ತದೆ!"

ರಾಮಲಿಂಗಪ್ಪ ಕಿಟಕಿಯ ಹೊರಗೆ ಉಗಿದ. ಬಾಯಿ ಮುಕ್ಕಳಿಸಿದ. ತಿರುಗಿದರೆ ಕೋಣೆಯಲ್ಲಿದ್ದವರೆಲ್ಲ ಆತನನ್ನೇ ನೋಡುತ್ತಿದ್ದರು.

"ಅಪ್ಪಾ," ಎಂದಳು ದೀಪಾಲಿ ಮೆಲ್ಲಗೆ. "'ನನ್ನ ಎಣ್ಣಿ' ಅಂದಿ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಎಲ್ಲರಿಗೂ ಗೊತ್ತು. ಕುಂಬಳಕಾಯಿ ಕೊಳೆತದ್ದೆಂದು ಯಾರೋ ಅಂದದ್ದಕ್ಕೆ ಹೆಗಲ ಮೇಲಿನಿಂದ ಇಳಿಸಿ ಹೆಚ್ಚಿ ತೋರಿಸಿದವನು ಇವನೊಬ್ಬನೇ.

"ಖಂಡೆನವಮಿ ದಿನ... ಬರೇ ನಾಕು ಗುಟುಕು..." ಎಂದ ರಾಮಲಿಂಗಪ್ಪ. ಸುಹಾಸ ಸರ್, "ಲೈಸನ್ಸು ಯಾರದು? ಆಕೆ ಇಲ್ಲದಾಗ ಅದನ್ನು ಮುಟ್ಟಲು ನೀವು ಯಾರು? ಪೊಲೀಸರು ಕೇಳಿದರೆ ಆಕೆಯ ಲೈಸನ್ಸೇ ಹೋಗುತ್ತಿತ್ತು," ಎಂದು ಐದು ನಿಮಿಷ ಬೈದರು. ಮನೋಜ ಸಾಹೇಬರು ಸದ್ದಿಲ್ಲದೆ ಬಿದ್ದ ಕುರ್ಚಿಯನ್ನು ಎತ್ತಿ, ಟವೆಲನ್ನು ಮಡಚಿ ಒಳಗಿಟ್ಟರು.

ಶಿಕ್ಷೆ ಕೊಟ್ಟವಳು ದೀಪಾಲಿ. "ಹೊಲಸು ಮಾಡಿದವರಽ ತೊಳೀಬೇಕು. ನಾ ಹೇಳಿದಂಗ. ನನ್ನ ಮುಂದಽ."

ಎರಡು ತಾಸು ತೊಳೆದ. ಅಂಟು ಕರಗಿಸುವ, ಆತ ಮೂಗು ಮುರಿದಿದ್ದ ಅದೇ ಚಿಮಣಿ ವಾಸನೆಯ ದ್ರವದಲ್ಲಿ ಪಿನ್ನು, ಸ್ಪ್ರಿಂಗು ನೆನೆಸಿದ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದ. ಚೇಂಬರಿಗೆ ಹಿಂದಿನಿಂದಲೇ ಬ್ರಶ್ಶು ಹಾಕಬೇಕು, ಮುಂದಿನಿಂದ ಅಲ್ಲ; ಒಂದು ಸಲ ತಪ್ಪಿದ, ಮಗಳು ಕೈಯ ಮೇಲೆ ಹೊಡೆದಳು. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿದ. ಕಡೆಗೆ ಹಳದಿ ಡಬ್ಬಿ ಎತ್ತಿದ.

"ಒಂದು ಹನಿ," ಎಂದಳು ದೀಪಾಲಿ.

"ಒಂದಽ?"

"ಒಂದಽ. ಅದನ್ನೂ ಒರಸಬೇಕು."

ಎಣ್ಣೆಯ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಯಾವುದಿದೆ? ಆತ ಹಣಮಂತ್ರಾಯನ ಹತ್ತಿರ ಹೋಗಿ ಕೈ ಹಿಡಿದುಕೊಂಡ. "ತಪ್ಪಾತ್ರೀ ಹಣಮಂತ್ರಾಯರ. ಬಾಯಿಗೆ ಬಂದಂಗ ಬೈದೆ ನಿಮಗ."

ಹಣಮಂತ್ರಾಯ ಇನ್ನೊಂದು ಕೈಯಿಂದ ಮೊಣಕಾಲು ಸವರಿಕೊಂಡ. "ಇರಲಿ ಬಿಡ್ರಿ. ಆ ಎಣ್ಣಿ ಮೊಣಕಾಲಿಗೆ ಛಲೋ ಆಗತದೇನ್ರಿ?"

ಭಾನುವಾರ. ಗುರಿ ಹೊಡೆಯುವ ದೊಡ್ಡ ರೇಂಜು. ನಲವತ್ತು ಜನ ಸಾಲಾಗಿ ಮಲಗಿದ್ದರು. ಹುರಿಯುವ ಜೋಳ ಸಿಡಿದ ಹಾಗೆ ಎಲ್ಲ ಕಡೆಯಿಂದ ಗುಂಡು. ಯಾರದು ಹಾರಿತು, ಯಾರದು ಹಾರಲಿಲ್ಲ, ಕಿವಿಗೆ ತಿಳಿಯುವಂತಿಲ್ಲ. ಆದ್ದರಿಂದ ರಾಮಲಿಂಗಪ್ಪ ಹಗ್ಗದ ಹಿಂದೆ ನಿಂತು ಮಗಳ ಬಲಗೈಯೊಂದನ್ನೇ ನೋಡುತ್ತಿದ್ದ. ಕೈ ಎತ್ತಿದಳೆಂದರೆ ಗುಂಡು ಹಾರಲಿಲ್ಲ ಎಂದರ್ಥ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೈ ಮೇಲೇಳಲಿಲ್ಲ. ಅರ್ಧ ತಾಸು. ಕಲ್ಲವ್ವ ನೀರು ಕೊಟ್ಟಳು. ಆತ ಬಾಟಲಿಯನ್ನು ಕಿವಿಗೆ ಹಿಡಿದು "ಹಲೋ" ಎಂದ.

ಮುಕ್ಕಾಲು ತಾಸಿಗೆ ದೀಪಾಲಿಯ ಬಲಗೈ ಮೇಲೆದ್ದಿತು.

"ನಿಲ್ಲಸ್ರೀ!" ರಾಮಲಿಂಗಪ್ಪ ಹಗ್ಗ ಹಾರಿದ. ಹಾರಲಿಲ್ಲ, ಸಿಕ್ಕಿಬಿದ್ದ. ಬಿದ್ದಲ್ಲಿಂದಲೇ ಎರಡೂ ಭಾಷೆಯಲ್ಲಿ ಒದರಿದ. "ಆಕೀ ತಪ್ಪಲ್ರೀ! ನಾ ಎಣ್ಣಿ ಹಾಕೀನಿ! ಕುಸುಬಿ ಎಣ್ಣಿ ಹಾಕಿದಾವ ನಾನು! ಆಕೀಗೆ ಇನ್ನೊಂದು ಅವಕಾಶ ಕೊಡ್ರೀ!"

ಮೂವರು ಪಂಚರು ಓಡಿಬಂದರು. ಪ್ರೇಕ್ಷಕರೆಲ್ಲ ತಿರುಗಿ ನಿಂತರು. ನಡುವೆ ದಾರಿ ಮಾಡಿಕೊಂಡು ದೀಪಾಲಿ ಬಂದಳು. ಹೆಗಲ ಪಟ್ಟಿ ಬಿಚ್ಚುತ್ತಿದ್ದಳು.

"ಅಪ್ಪಾ, ಏಳು. ಮುಗೀತು ಅಂತ ಕೈ ಎತ್ತಿದೆ. ನಂದು ಎಲ್ಲಾರಕಿಂತ ಮೊದಲ ಮುಗೀತು."

ರಾಮಲಿಂಗಪ್ಪ ಹಗ್ಗದೊಳಗಿನಿಂದ ತಲೆ ಎತ್ತಿದ. "ಎಲ್ಲಾ ಹಾರಿದ್ವು?"

"ಅರವತ್ತಕ್ಕ ಅರವತ್ತು."

"ಮತ್ತ... ನಾ ಒದರಿದ್ದು?"

"ಅದೂ ಹಾರೇದ," ಎಂದಳು ಮಗಳು ಹಿಂದಿನ ಸಾಲಿನತ್ತ ನೋಡುತ್ತ.

ಅಲ್ಲಿ ಸ್ವಪ್ನಿಲ್ ಬೆಂಚಿನ ಮೇಲೆ ಹತ್ತಿ ನಿಂತು, ಒಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರಿಸುತ್ತಿದ್ದ. "ಏಕದಮ್ ಭಾರೀ, ಕಾಕಾ!"